ಸೋಮವಾರದ ಒಪ್ಪತ್ತು, ಮಂಗಳವಾರದ ಹಸಿವು

ನಮ್ಮ ಮನೆಯಲ್ಲಿ ಹಸಿವಿಗೂ ವಾರದ ಲೆಕ್ಕವಿತ್ತು. ಸೋಮವಾರ ಹಸಿದರೆ ಭಕ್ತಿ, ಮಂಗಳವಾರ ಹಸಿದರೆ ಹೊಟ್ಟೆಬಾಕತನ. ಯಾರೂ ಇದನ್ನು ಹೀಗೆ ಬಾಯಿಬಿಟ್ಟು ಹೇಳಿದ್ದಲ್ಲ. ಬೈಸಿಕೊಂಡು ಬೈಸಿಕೊಂಡು ನಾನೇ ಅರ್ಥ ಮಾಡಿಕೊಂಡದ್ದು.

ಮನೆ ಇದ್ದದ್ದು ಸೊರಬದಲ್ಲಿ, ಬಸ್‌ಸ್ಟ್ಯಾಂಡಿನಿಂದ ಕೂಗಳತೆಯ ದೂರ. ಮುಂದುಗಡೆ ಅಪ್ಪನ ಬಟ್ಟೆ ಅಂಗಡಿ, ಹಿಂದುಗಡೆ ಅಪ್ಪ, ಅಮ್ಮ, ನಾನು ಮತ್ತು ಅಪ್ಪನ ತಾಯಿ. ಅಜ್ಜಿ ಕುಬಟೂರಿನಿಂದ ಸೊಸೆಯಾಗಿ ಬಂದವಳು. ಬಂದ ಮೇಲೆ ಮನೆಯ ಯಜಮಾನಿಕೆ ಯಾವಾಗ ಅವಳ ಕೈಗೆ ಹೋಯಿತೋ ಯಾರಿಗೂ ತಿಳಿಯದು, ಅಪ್ಪ ಅಂಗಿ ಹೊಲಿಸಬೇಕಾದರೂ ಅವಳ ಮುಖ ನೋಡುತ್ತಿದ್ದ. ಸೋಮವಾರ ಅವಳ ಒಪ್ಪತ್ತು. ಸಂಜೆಯ ಲಿಂಗಪೂಜೆ ಮುಗಿಯುವವರೆಗೆ ನೀರು ಬಿಟ್ಟರೆ ಏನೂ ಇಲ್ಲ, ಆಮೇಲೆ ಒಂದೇ ಊಟ. ಅಮ್ಮನಿಗೂ ಅದೇ. ನಾನು ಮೈನೆರೆದ ಮೇಲೆ ನನ್ನನ್ನೂ ಸೇರಿಸಿದರು. ಅಪ್ಪನಿಗೆ ಮಾತ್ರ ವ್ಯಾಪಾರದ ನೆಪದಲ್ಲಿ ವಿನಾಯಿತಿ. ಗಿರಾಕಿಗಳ ಜೊತೆ ಗಂಟಲು ಹರಿದುಕೊಳ್ಳುವವನು ಹೇಗೆ ಉಪವಾಸವಿರಲು ಸಾಧ್ಯ ಎನ್ನುತ್ತಿದ್ದರು. ದಿನವಿಡೀ ಒಲೆಯ ಮುಂದೆ ನಿಂತವಳ ಗಂಟಲಿನ ಬಗ್ಗೆ ಯಾರೂ ಕೇಳಲಿಲ್ಲ, ಬಿಡಿ.

ಪಿಯುಸಿ ಆದ ಮೇಲೆ ಬಿಎಸ್ಸಿ ಓದುತ್ತೇನೆ ಎಂದು ಹಟ ಹಿಡಿದೆ. ತೊಂಬತ್ತರ ದಶಕದ ಕೊನೆಯ ಭಾಗ ಅದು. ಶಿಕಾರಿಪುರದಲ್ಲಿ ಕಾಲೇಜಿತ್ತು, ಅಪ್ಪನ ತಂಗಿಯ ಮನೆಯೂ ಇತ್ತು, ಹಾಗಾಗಿ ಒಪ್ಪಿಗೆ ಸಿಕ್ಕಿತು. ಅತ್ತೆಯ ಗಂಡ ಮಂಡಿಯಲ್ಲಿ ದಲಾಲಿ ಮಾಡುತ್ತಿದ್ದರು, ಮಗಳನ್ನು ಹೊನ್ನಾಳಿಗೆ ಕೊಟ್ಟಿದ್ದರು. ಅತ್ತೆ ಸೊರಬದಲ್ಲಿ ಹುಟ್ಟಿದವಳಾದರೂ ಮದುವೆಯಾದ ಮೇಲೆ ಮಾತೆಲ್ಲ ಬಯಲುಸೀಮೆಯ ಕಡೆ ವಾಲಿತ್ತು. ಆಕೆ ಹಿಡಿದದ್ದು ಗುರುವಾರ. ಆ ಮನೆಯ ಅನ್ನ ಉಂಡು ಆ ಮನೆಯ ವಾರ ಹಿಡಿಯದಿದ್ದರೆ ಹೇಗೆ? ಸೊರಬದ ಸೋಮವಾರದ ಜೊತೆಗೆ ಶಿಕಾರಿಪುರದ ಗುರುವಾರವೂ ನನ್ನ ಕೊರಳಿಗೆ ಬಿತ್ತು.

ಆಗ ಶುರುವಾಯಿತು ನೋಡಿ. ಉಪವಾಸದ ದಿನ ನಾನು ದೇವತೆ. ಮಾರನೆಯ ದಿನ ಕಾಲೇಜಿನಿಂದ ಬಂದಾಗ ಅತ್ತೆ ಪಕ್ಕದ ಮನೆಗೆ ಹೋಗಿರುತ್ತಿದ್ದಳು. ನೀರು ಕುಡಿಯಲು ಅಡುಗೆಮನೆಗೆ ಕಾಲಿಟ್ಟರೆ ಕೈ ತಾನಾಗಿ ಮಂಡಕ್ಕಿ ಡಬ್ಬಿಗೆ ಹೋಗುತ್ತಿತ್ತು. ಒಂದು ಮುಷ್ಟಿ, ಇನ್ನೊಂದು ಮುಷ್ಟಿ. ಮಂಡಕ್ಕಿ ಮುಗಿದರೆ ಬೆಲ್ಲ, ಬೆಲ್ಲದ ಮೇಲೆ ಬೆಳಗಿನ ತಣ್ಣಗಾದ ರೊಟ್ಟಿ, ಅದರ ಮೇಲೆ ಉಪ್ಪಿನಕಾಯಿ ಅನ್ನ, ಆಮೇಲೆ ಒಣಕೊಬ್ಬರಿ. ನಿಂತುಕೊಂಡೇ ತಿನ್ನುತ್ತಿದ್ದೆ. ರುಚಿ ಗೊತ್ತಾಗುತ್ತಿರಲಿಲ್ಲ. ಹೊಟ್ಟೆ ಬಿರಿಯುವಂತಾಗಿ ಸಾಕು ಸಾಕು ಎಂದರೂ ಕೈ ಕೇಳುತ್ತಿರಲಿಲ್ಲ. ಎಲ್ಲ ಮುಗಿದ ಮೇಲೆ ಬಾಯಿ ತೊಳೆದುಕೊಂಡು ಕೋಣೆಯಲ್ಲಿ ಮಲಗಿದರೆ ನನ್ನ ಮೈ ನನಗೇ ಅಸಹ್ಯವಾಗುತ್ತಿತ್ತು. ನಾಳೆಯಿಂದ ಹೀಗಾಗಬಾರದು ಎಂದು ದೇವರಾಣೆ ಮಾಡುತ್ತಿದ್ದೆ. ನನ್ನ ದೇವರಾಣೆಗೆ ಮೂರು ಕಾಸಿನ ಬೆಲೆ ಇರಲಿಲ್ಲ.

ನಾಲ್ಕು ಜನರ ನಡುವೆ ಕೂತರೆ ಮಾತ್ರ ಗುಬ್ಬಚ್ಚಿಯ ಹಾಗೆ ಉಣ್ಣುತ್ತಿದ್ದೆ. ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದಳು, "ನಮ್ಮಣ್ಣನ ಮಗಳ ಊಟ ನೋಡ್ರೀ, ಕೂಸಿನ್ಹಂಗೆ." ಆಮೇಲೆ ಡಬ್ಬಿಗಳು ಹಗುರಾಗುವುದನ್ನು ಕಂಡು ಇಲಿ ಎಂದುಕೊಂಡಳು. ಬೋನು ತಂದಿಟ್ಟಳು. ಬೋನಿನಲ್ಲಿ ಸಿಕ್ಕಿಸಿದ್ದ ಕೊಬ್ಬರಿ ಚೂರು ಹಾಗೇ ಇದ್ದು, ಡಬ್ಬಿಯ ಕೊಬ್ಬರಿ ಮಾಯವಾದಾಗ ಅವಳ ಕಣ್ಣು ನನ್ನ ಕಡೆ ತಿರುಗಿತು. ಬೈಯಲಿಲ್ಲ, ಪಾಪ. ಒಲೆಯ ಮುಂದೆ ಕೂರಿಸಿಕೊಂಡು ಬುದ್ಧಿ ಹೇಳಿದಳು.

"ನಾಲಿಗಿ ಮ್ಯಾಲೆ ಹಿಡಿತ ಇಲ್ಲಂದ್ರ ಹೆಣ್ಣುಮಕ್ಕಳಿಗೆ ಛಲೋ ಅಲ್ಲವ್ವಾ. ಇನ್ನೊಂದ್ ವಾರ ಹಿಡಿ. ತಾನಾಗೇ ಬುದ್ಧಿ ಬರ್ತೈತಿ."

ಶಿಕಾರಿಪುರದಲ್ಲಿ ಹನುಮಂತನಿಗೆ ಶನಿವಾರ ಬಹಳ ನಡೆಯುತ್ತದೆ. ಶಿವನ ಮನೆಯವಳು ನಾನು ಹನುಮಂತನ ಶನಿವಾರವನ್ನೂ ಹಿಡಿದೆ. ಹಸಿವಿನ ರೋಗಕ್ಕೆ ಹಸಿವೇ ಮದ್ದು ಎಂದು ನಂಬಿದ ಮನೆತನ ನಮ್ಮದು. ಹೆಚ್ಚು ತಿಂದಳೇ, ಒಂದು ವಾರ ಹೆಚ್ಚು ಹಿಡಿಸಿ. ಇನ್ನೂ ಹೆಚ್ಚು ತಿಂದಳೇ, ಇನ್ನೊಂದು. ಉಪವಾಸ ದೇವರದ್ದು, ತಿನ್ನುವುದು ನನ್ನದು. ದೇವರದ್ದು ನನ್ನದಕ್ಕೆ ಕಾರಣವಾಗಬಹುದು ಎಂಬ ಯೋಚನೆ ಯಾರ ತಲೆಗೂ ಹೊಳೆಯಲಿಲ್ಲ. ನನ್ನ ತಲೆಗೂ ಇಲ್ಲ.

ಎರಡನೆಯ ವರ್ಷ ಪ್ರಾಣಿಶಾಸ್ತ್ರದ ಮೇಷ್ಟ್ರು ಹಾರ್ಮೋನುಗಳ ಪಾಠ ಮಾಡುತ್ತಿದ್ದರು. ಸಣಕಲು ಆಸಾಮಿ, ಸುಣ್ಣದಕಡ್ಡಿಯನ್ನು ಸಿಗರೇಟಿನಂತೆ ಬೆರಳ ಸಂದಿಯಲ್ಲಿ ಹಿಡಿದು ಮಾತಾಡುವವರು. ಆ ದಿನ ಪುಸ್ತಕ ಮುಚ್ಚಿ ಹೇಳಿದರು, "ಇದನ್ನ ಪುಸ್ತಕದಲ್ಲಿ ಹುಡುಕಬೇಡಿ, ಪುಸ್ತಕ ಅಚ್ಚಾದ ಮೇಲೆ ಕಂಡುಹಿಡಿದಿದ್ದು. ನಮ್ಮ ಮೈಯ ಕೊಬ್ಬು ಸುಮ್ಮನೆ ಬಿದ್ದಿರೋ ಮೂಟೆ ಅಲ್ಲ, ಅದು ಮೆದುಳಿಗೆ ಸುದ್ದಿ ಕಳಿಸ್ತದೆ. ಆ ಸುದ್ದಿಯ ಹೆಸರು ಲೆಪ್ಟಿನ್. ಉಗ್ರಾಣದಲ್ಲಿ ದಾಸ್ತಾನು ಇದೆ, ಗಾಬರಿ ಬೇಡ ಅಂತ ಅದರ ಅರ್ಥ. ಆ ಹಾರ್ಮೋನು ಹುಟ್ಟಿನಿಂದ ಇಲ್ಲದ ಒಂದು ಜಾತಿ ಇಲಿ ಇದೆ. ಅದು ತಿಂತಾನೇ ಇರ್ತದೆ. ಹಾರ್ಮೋನು ಚುಚ್ಚಿದರೆ ತಿನ್ನೋದು ಕಮ್ಮಿ ಮಾಡ್ತದೆ."

ಇಡೀ ಕ್ಲಾಸು ನಕ್ಕಿತು. ನನಗೆ ನಗು ಬರಲಿಲ್ಲ. ಪಾಠ ಮುಗಿದ ಮೇಲೆ ಲ್ಯಾಬಿನ ಬಾಗಿಲಲ್ಲಿ ಅವರನ್ನು ಅಡ್ಡಗಟ್ಟಿದೆ. ಕೇಳಬೇಕಾದದ್ದನ್ನು ನೆಟ್ಟಗೆ ಕೇಳುವ ಸ್ವಭಾವ ನನ್ನದಲ್ಲ, ಮೊದಲು ಜಗಳ ತೆಗೆಯುತ್ತೇನೆ.

"ಇಲಿಗೆ ಹಾರ್ಮೋನು ಇಲ್ಲ ಸರಿ ಸಾರ್. ಮನುಷ್ಯರಿಗೆ ಇರ್ತದಲ್ಲ? ಇದ್ದೂ ತಿಂದ್ರೆ ಅದು ಕೊಬ್ಬು ತಾನೆ?"

ಅವರು ನನ್ನ ಮುಖ ನೋಡಿದರು. ಯಾರು, ಏನು ಎಂದು ಕೇಳಲಿಲ್ಲ. "ತಿನ್ನೋ ಮೊದಲು ಏನು ಮಾಡಿರ್ತಾರೆ?" ಎಂದರು.

"ಉಪವಾಸ."

"ಅಲ್ಲಮ್ಮ, ಉಪವಾಸ ಬಿದ್ದರೆ ಆ ಹಾರ್ಮೋನು ಇಳಿದುಹೋಗ್ತದೆ. ಕೊಬ್ಬು ಕರಗೋಕಿಂತ ಮೊದಲೇ ಇಳೀತದೆ. ಊರಿಗೆ ಬರ ಬಂತು, ಸಿಕ್ಕಿದ್ದನ್ನ ಸಿಕ್ಕಾಗಲೇ ತುಂಬಿಸ್ಕೋ ಅಂತ ಮೆದುಳು ಡಂಗುರ ಹೊಡೀತದೆ. ಆಗ ಡಬ್ಬಿ ಎದುರು ನಿಂತವರು ಏನು ಮಾಡಬೇಕು?" ಸುಣ್ಣದಕಡ್ಡಿಯನ್ನು ಜೇಬಿಗೆ ಹಾಕಿ ಅಂದರು, "ಇಲಿಗೆ ಹೇಳಿದ್ದೆಲ್ಲ ಮನುಷ್ಯರಿಗೆ ಹೇಳೋಕಾಗಲ್ಲ. ಮನುಷ್ಯರಿಗೆ ದುಃಖ ಇದೆ, ನಾಚಿಕೆ ಇದೆ, ಒಂದೇ ಹಾರ್ಮೋನಿನ ತಲೆಗೆ ಎಲ್ಲ ಕಟ್ಟಬಾರದು. ಆದರೂ ಉಪವಾಸ ಬಿಟ್ಟು ಹೊತ್ತುಹೊತ್ತಿಗೆ ಉಂಡು ನೋಡು. ಕಳಕೊಳ್ಳೋದೇನಿದೆ?"

ಅಯ್ಯೋ ಶಿವನೇ, ಕಳೆದುಕೊಳ್ಳುವುದು ಎಷ್ಟಿದೆ ಎಂದು ಆ ಗಂಡಸಿಗೆ ಏನು ಗೊತ್ತು! ಶ್ರಾವಣ ಎದುರಿಗಿತ್ತು. ಶ್ರಾವಣದ ಸೋಮವಾರ ಉಂಡೆ ಎಂದರೆ ಅಜ್ಜಿ ನನ್ನ ಕೈಯಿಂದ ನೀರು ಮುಟ್ಟುತ್ತಾಳೆಯೇ? ಗೊತ್ತಿದ್ದೂ ಮೊದಲ ಸೋಮವಾರ ಹಿಡಿದೆ. ಆ ಸಲ ಸಂಜೆಯ ಒಂದು ಊಟವನ್ನೂ ಬಿಟ್ಟೆ, ಹಿಂದಿನ ವಾರ ತಿಂದದ್ದಕ್ಕೆ ಶಿಕ್ಷೆಯೆಂದು.

ಅದೇ ವಾರ ನಾಗರಪಂಚಮಿ. ಬಯಲಿನ ಕಡೆ ಪಂಚಮಿ ಎಂದರೆ ಉಂಡೆ. ಶೇಂಗಾ ಉಂಡೆ, ಎಳ್ಳುಂಡೆ, ತಂಬಿಟ್ಟಿನುಂಡೆ. ಅತ್ತೆ ಎಲ್ಲ ಕಟ್ಟಿ, ಹೊನ್ನಾಳಿಯ ಮಗಳಿಗೆ ಕಳಿಸಲು ದೊಡ್ಡ ಸ್ಟೀಲಿನ ಡಬ್ಬಿಗೆ ತುಂಬಿ ನಾಗಂದಿಗೆಯ ಮೇಲಿಟ್ಟಿದ್ದಳು. ಪಂಚಮಿಗೆ ತವರಿನ ಉಂಡೆ ಹೋಗದಿದ್ದರೆ ಮಗಳು ಅತ್ತೆಮನೆಯಲ್ಲಿ ತಲೆ ಎತ್ತುವ ಹಾಗಿಲ್ಲ. ಮಂಗಳವಾರ ಮಧ್ಯಾಹ್ನ ನಾನು ಸ್ಟೂಲು ಹತ್ತಿ ಡಬ್ಬಿ ಇಳಿಸಿದೆ. ಒಂದು ಎಂದುಕೊಂಡೆ. ಅತ್ತೆ ಬಂದಾಗ ನೆಲದ ಮೇಲೆ ಕೂತಿದ್ದೆ, ಮಡಿಲಲ್ಲಿ ಡಬ್ಬಿ, ತಳದಲ್ಲಿ ಎಳ್ಳು.

"ಹಾಳಾಗಿ ಹೋಗ್ಲೇ ನಿನ್ನ ಹೊಟ್ಟಿ! ಅದು ಹೊಟ್ಟ್ಯೋ ಕಣಜವೋ? ನನ್ನ ಮಗಳ ಪಂಚಮಿ ತಿಂದೆಲ್ಲೇ!"

ಅಷ್ಟು ಅಂದವಳು ಮತ್ತೆ ಬೈಯಲಿಲ್ಲ, ಅಲ್ಲೇ ಕೂತು ಅತ್ತಳು. ಬೈಯುತ್ತಲೇ ಇದ್ದಿದ್ದರೆ ಎದುರುತ್ತರ ಕೊಡುತ್ತಿದ್ದೆ. ಅವಳ ಅಳು ನೋಡಿ ನನಗೆ ನೆಲ ಬಾಯಿಬಿಡಬಾರದೇ ಎನಿಸಿತು. ಎಸ್‌ಟಿಡಿ ಬೂತಿನಿಂದ ಅಪ್ಪನಿಗೆ ಫೋನು ಹೋಯಿತು. ಮರುದಿನ ಅಪ್ಪ ಬಂದ, ನನ್ನ ಬಟ್ಟೆ ಪುಸ್ತಕ ಎಲ್ಲ ಟ್ರಂಕಿಗೆ ತುಂಬಿಸಿದ. ಸೊರಬದ ಬಸ್ಸು ಶಿರಾಳಕೊಪ್ಪ ದಾಟಿತು. ಅಪ್ಪ ಕಿಟಕಿಯ ಕಡೆ ನೋಡುತ್ತ ಅಂದ, "ಓದಿದ್ದು ಸಾಕು. ತಂಗಿ ಮನೇಲಿ ನನ್ನ ಮಾನ ಕಳೆದೆ."

ನನಗಿದ್ದ ಒಂದೇ ಆಸೆ ಆ ಓದು. ಡಿಗ್ರಿ ಮುಗಿಸಿ ಬಿಎಡ್ ಮಾಡಿ ಕರಿಹಲಗೆಯ ಮುಂದೆ ನಿಲ್ಲಬೇಕು ಎಂದು ಕನಸು ಕಂಡವಳು. ಅದು ಒಂದು ಡಬ್ಬಿ ಉಂಡೆಗೆ ಹೋಯಿತಲ್ಲ ಎಂದು ಬಸ್ಸಿನಲ್ಲಿ ತುಟಿ ಕಚ್ಚಿಕೊಂಡು ಕೂತಿದ್ದೆ.

ಮನೆಯಲ್ಲಿ ಅಜ್ಜಿ ಪಡಸಾಲೆಯ ಬೆಂಚಿನ ಮೇಲೆ ಕೂತಿದ್ದಳು. ಅಪ್ಪ ಎಲ್ಲ ಹೇಳಿದ, ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಅಜ್ಜಿ ಕೇಳಿಸಿಕೊಂಡು ತನ್ನ ಗಾದೆ ತೆಗೆದಳು.

"ಒಂದ್ಹೊತ್ತು ಉಂಡವ ಯೋಗಿ, ಎರಡ್ಹೊತ್ತು ಉಂಡವ ಭೋಗಿ, ಮೂರ್ಹೊತ್ತು ಉಂಡವ ರೋಗಿ. ಶ್ರಾವಣ ಮುಗಿಯೋ ತನಕ ದಿನಾ ಒಪ್ಪತ್ತು ಮಾಡ್ಲಿ. ಓದು ಗೀದು ಎಂತದೂ ಬೇಡ."

ನನ್ನ ಸಿಟ್ಟು ನೆತ್ತಿಗೇರಿತು. ಹೋಗುವುದು ಹೋಗಿಯಾಗಿದೆ, ಇನ್ನು ಯಾರ ಮುಲಾಜು!

"ಮಾಡಿಸಿ! ದಿನಾ ಒಪ್ಪತ್ತು ಮಾಡಿಸಿ! ಆಮೇಲೆ ಈ ಮನೆ ಅಕ್ಕಿ ಮೂಟೆಗೂ ಕಾವಲು ಕೂರಿ! ನಾನು ಉಪವಾಸ ಇದ್ದಷ್ಟೂ ನನ್ನ ಮೈ ಬರ ಬಂತು ಅಂತ ಕೂಗ್ತದೆ. ಸಾಕು ಅನ್ನೋ ಹಾರ್ಮೋನು ಇಳಿದುಹೋಗ್ತದೆ. ತಿನ್ನೋದು ನಾನಲ್ಲ, ಆ ಕೂಗು. ನೀವು ಕೊಡ್ತಿರೋ ಔಷಧಿನೇ ನನ್ನ ಕಾಯಿಲೆ!"

"ಕೇಳಿದ್ಯಾ ಅಮ್ಮ?" ಅಪ್ಪ ಕೈ ಎತ್ತಿ ಹಣೆಗೆ ಬಡಿದುಕೊಂಡ. "ಕಾಲೇಜಿಗೆ ಕಳ್ಸಿದ್ದಕ್ಕೆ ದೇವರ ವಾರಕ್ಕೆ ಹಾರ್ಮೋನು ಶಾಸ್ತ್ರ ಹೇಳ್ತಾಳೆ."

ನನ್ನ ಕೆನ್ನೆಗೆ ಏಟು ಬೀಳುತ್ತದೆ ಎಂದು ಕಾಯುತ್ತಿದ್ದೆ. ಅಜ್ಜಿ ಅಪ್ಪನಿಗೆ "ಅಂಗಡೀಲಿ ಗಿರಾಕಿ ಬಂದಾರೆ, ನೋಡು ಹೋಗು" ಎಂದಳು. ಯಾರೂ ಬಂದಿರಲಿಲ್ಲ. ಅಮ್ಮನನ್ನು ಹಾಲು ಕಾಯಿಸಲು ಕಳಿಸಿದಳು. ಇಬ್ಬರೂ ಹೋದ ಮೇಲೆ ಬೆಂಚಿನ ಮೇಲೆ ತಟ್ಟಿ ನನ್ನನ್ನು ಕೂರಿಸಿದಳು.

"ಎಂತದೇ ಅದು? ಇನ್ನೊಂದ್ಸಲ ಹೇಳು. ನಿಧಾನಕ್ಕೆ."

ಹೇಳಿದೆ. ಉಗ್ರಾಣ, ದಾಸ್ತಾನು, ಸುದ್ದಿ, ಡಂಗುರ, ಮೇಷ್ಟ್ರು ಹೇಳಿದ ಹಾಗೆಯೇ. ಅವಳು ಸೀರೆಯ ಅಂಚನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕೇಳಿದಳು.

"ವಯಸ್ಸಾದವರಿಗೂ ಹಂಗೇ ಆಗ್ತದಾ?"

"ಎಲ್ಲರಿಗೂ ಒಂದೇ ಮೈ ಅಲ್ವಾ ಅಜ್ಜಿ."

ಅಜ್ಜಿ ಅಡುಗೆಮನೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು.

"ಮದುವೆಯಾಗಿ ಬಂದ ವರ್ಷದಿಂದ ಕಣೇ. ಮಂಗಳವಾರ ಬೆಳಿಗ್ಗೆ ಗಂಡಸರು ಹೊರಗೆ ಹೋಗೋದೇ ಕಾಯ್ತಿದ್ದೆ. ಅಕ್ಕಿ ಕೋಣೆ ಬಾಗ್ಲು ಹಾಕ್ಕಂಡು ಬೆಲ್ಲ ಅವಲಕ್ಕಿ ಮುಕ್ಕೋದು, ಕಳ್ಳಿ ಹಂಗೆ. ನಮ್ಮತ್ತೆಗೆ ಗೊತ್ತಾಗ್ಲಿಲ್ಲ. ನಿಮ್ಮಜ್ಜನಿಗೂ ಗೊತ್ತಾಗ್ಲಿಲ್ಲ. ನನ್ನ ನೇಮ ಶಿವನಿಗೆ ಮುಟ್ತಾ ಇಲ್ಲ, ಅದಕ್ಕೇ ಈ ರಾಕ್ಷಸಿ ಹಸಿವು ಕೊಟ್ಟಾನೆ ಅಂತ ಮತ್ತೂ ಬಿಗಿ ಮಾಡ್ತಿದ್ದೆ. ಬಿಗಿ ಮಾಡಿದಷ್ಟೂ ಜಾಸ್ತಿ. ನಿನ್ನೆ ಮಂಗಳವಾರಾನೂ."

ಅಜ್ಜಿ ಹಸಿದದ್ದನ್ನೇ ನಾನು ಕಂಡಿರಲಿಲ್ಲ. ಎಲ್ಲರಿಗೂ ಬಡಿಸಿ, ಎಲ್ಲರೂ ಎದ್ದ ಮೇಲೆ, ಗೋಡೆಯ ಕಡೆ ಮುಖ ಮಾಡಿ ಎರಡು ತುತ್ತು ಉಣ್ಣುವವಳು ಅವಳು. ಊರಿನವರು ಅವಳನ್ನು ಶರಣೆ ಎನ್ನುತ್ತಿದ್ದರು.

"ಹಂಗಾರೆ," ಅವಳು ಸೀರೆಯ ಅಂಚು ಬಿಟ್ಟು ನನ್ನ ಕೈ ಹಿಡಿದಳು, "ಅದು ನನ್ನ ಪಾಪ ಅಲ್ಲ ಅಂತೀಯಾ?"

"ಪಾಪ ಅಲ್ಲಜ್ಜಿ, ಹಸಿವು" ಎಂದೆ. ಅಷ್ಟು ಹೇಳುವುದರೊಳಗೆ ಅಳು ಒತ್ತರಿಸಿ ಬಂತು. ಅವಳ ಮಡಿಲಲ್ಲಿ ತಲೆಯಿಟ್ಟು ಮನಸಾರೆ ಅತ್ತುಬಿಟ್ಟೆ. ಅವಳೂ ಅತ್ತಳೋ ಇಲ್ಲವೋ ನೋಡಲಿಲ್ಲ, ಅವಳ ಕೈ ನನ್ನ ಬೆನ್ನ ಮೇಲಿತ್ತು. ಅಷ್ಟು ವರ್ಷ ನಾನೊಬ್ಬಳೇ ಲೋಕದಲ್ಲಿ ಹೀಗೆ ಎಂದುಕೊಂಡಿದ್ದೆ.

ಅಮ್ಮ ಹಾಲು ತಂದಾಗ ಅಜ್ಜಿ ಮತ್ತೆ ಯಜಮಾನಿಯಾಗಿದ್ದಳು. ಅಪ್ಪನನ್ನು ಕೂಗಿ ಕರೆದಳು. "ನಾಳೆ ಇವಳನ್ನ ಶಿಕಾರಿಪುರದ ಬಸ್ಸಿಗೆ ಹತ್ಸು. ಹೊತ್ತುಹೊತ್ತಿಗೆ ಮೂರು ಊಟ ಹಾಕು ಅಂತ ನಿನ್ನ ತಂಗಿಗೆ ಹೇಳು. ವಾರ ಪಾರ ಎಂತದೂ ಬೇಡ."

"ಅಮ್ಮಾ, ಶ್ರಾವಣ!"

"ಶ್ರಾವಣ ನಾನು ನೋಡ್ಕತೀನಿ. ಲಿಂಗಕ್ಕೆ ತೋರಿಸಿದ ಅನ್ನ ಪ್ರಸಾದ. ಪ್ರಸಾದ ಬೇಡ ಅನ್ನೋಕೆ ಅವಳ್ಯಾರು, ನೀನ್ಯಾರು?"

ಅಪ್ಪ ಇನ್ನೂ ಬಿಚ್ಚದ ಟ್ರಂಕನ್ನು ಮತ್ತೆ ಬಾಗಿಲ ಬಳಿ ತಂದಿಟ್ಟ. ನನ್ನ ಬಳಿ ಇದ್ದ ಎಲ್ಲ ಪ್ರಾಣಿಶಾಸ್ತ್ರಕ್ಕಿಂತ ಅಜ್ಜಿಯ ಆ ಒಂದು ಮಾತು ಆ ಮನೆಯಲ್ಲಿ ಹೆಚ್ಚು ಕೆಲಸ ಮಾಡಿತು.

ಅತ್ತೆ ಕೆಲವು ದಿನ ಮುಖ ಊದಿಸಿಕೊಂಡೇ ಇದ್ದಳು. ಪಂಚಮಿಗೆ ಹೊಸದಾಗಿ ಉಂಡೆ ಕಟ್ಟಿ ಕಳಿಸಿದ್ದಳಂತೆ, ಬೆನ್ನು ನೋವು ಇನ್ನೂ ಹೋಗಿರಲಿಲ್ಲ. ಆದರೂ ತಾಯಿಯ ಮಾತು ಮೀರುವವಳಲ್ಲ. "ನಮ್ಮವ್ವನೇ ಹೇಳ್ಯಾಳಂದ್ರ ನಾ ಏನನ್ನಲಿ, ಉಣ್ಣವ್ವಾ" ಎಂದು ಬೆಳಿಗ್ಗೆಯೇ ತಟ್ಟೆ ಮುಂದಿಡುತ್ತಿದ್ದಳು. ಜೋಳದ ರೊಟ್ಟಿ, ಪಲ್ಯ. ಮಧ್ಯಾಹ್ನಕ್ಕೆ ಬುತ್ತಿ. ಸಂಜೆ ಊಟ. ಅವಳೆದುರೇ ಕೂತು ಹೊಟ್ಟೆ ತುಂಬ ಉಣ್ಣುವುದು ಎಷ್ಟು ಕಷ್ಟವಾಯಿತೆಂದರೆ, ಕದ್ದು ತಿನ್ನುವುದೇ ಸುಲಭವಿತ್ತು. ಇನ್ನೊಂದು ರೊಟ್ಟಿ ಕೇಳಲು ನಾಲಿಗೆ ಏಳುತ್ತಿರಲಿಲ್ಲ.

ಒಂದೇ ಏಟಿಗೆ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಮೂರು ಊಟ ಮಾಡಿಯೂ ಮಂಡಕ್ಕಿ ಡಬ್ಬಿಗೆ ಕೈ ಹಾಕಿದ ದಿನಗಳಿವೆ. ಪರೀಕ್ಷೆ ಹತ್ತಿರವಾದಾಗ, ಅಪ್ಪ ಮುನಿಸಿಕೊಂಡಾಗ. ಅಂಥ ದಿನದ ಮಾರನೆಯ ಬೆಳಿಗ್ಗೆ ಶಿಕ್ಷೆಯಾಗಿ ಊಟ ಬಿಡಬೇಕೆನಿಸುತ್ತಿತ್ತು. ಅತ್ತೆ ಬಿಡುತ್ತಿರಲಿಲ್ಲ. "ನಿನ್ನೆದು ನಿನ್ನೆಗೆ ಹೋತು, ಇವತ್ತಿಂದು ಉಣ್ಣು." ಹೀಗೆ ತಿಂಗಳುಗಳು ಹೋದವು. ಒಂದು ಮಧ್ಯಾಹ್ನ ಕಾಲೇಜಿನಿಂದ ಬಂದು ಅಡುಗೆಮನೆಗೆ ಹೋದೆ, ನೀರು ಕುಡಿದೆ, ಹೊರಗೆ ಬಂದು ಜಗಲಿಯಲ್ಲಿ ಕೂತು ಓದತೊಡಗಿದೆ. ಎಷ್ಟೋ ಹೊತ್ತಿನ ಮೇಲೆ ಹೊಳೆಯಿತು, ಡಬ್ಬಿಗಳ ನೆನಪೇ ಆಗಿರಲಿಲ್ಲ. ಎದ್ದು ಹೋಗಿ ಅತ್ತೆಗೆ ಹೇಳಿದೆ. ಅವಳಿಗೆ ಅರ್ಥವಾಗಲಿಲ್ಲ. "ನೀರು ಕುಡಿದ್ರ ಏನೀಗ?" ಎಂದಳು. ನಾನು ಅವಳನ್ನು ತಬ್ಬಿಕೊಂಡೆ.

ಆಮೇಲೆ ನಾನೂ ಟೀಚರಾದೆ. ಹಸಿವನ್ನು ಕೂಗಿ ಹೇಳುವ ಗ್ರೆಲಿನ್ ಎಂಬ ಇನ್ನೊಂದು ಹಾರ್ಮೋನು ಇದೆಯೆಂದು, ಅದು ಹೊಟ್ಟೆಯಲ್ಲೇ ಹುಟ್ಟುತ್ತದೆಯೆಂದು, ಉಣ್ಣುವ ಹೊತ್ತಿಗೆ ಏರಿ ಉಂಡ ಮೇಲೆ ಇಳಿಯುತ್ತದೆಯೆಂದು ನಂತರ ಓದಿದೆ. ಮೇಷ್ಟ್ರು ಹೇಳಿದಂತೆ ಎಲ್ಲವನ್ನೂ ಹಾರ್ಮೋನಿನ ತಲೆಗೆ ಕಟ್ಟಲಾಗದು. ಆದರೆ ಊಟದ ಡಬ್ಬಿ ತೆರೆಯದೆ ಮುಚ್ಚಿಡುವ ಹುಡುಗಿಯರು ನನ್ನ ಕ್ಲಾಸಿನಲ್ಲೂ ಇರುತ್ತಾರೆ. ಅವರ ಪಕ್ಕ ಹೋಗಿ ಕೂತು ನನ್ನ ಡಬ್ಬಿ ತೆರೆಯುತ್ತೇನೆ. ಭಾಷಣ ಮಾಡುವುದಿಲ್ಲ.

ಪಂಚಮಿಯ ಉಂಡೆ ಕದ್ದ ಆ ವರ್ಷದ ಕಾರ್ತಿಕಕ್ಕೆ ಸೊರಬಕ್ಕೆ ಹೋಗಿದ್ದೆ. ಅಜ್ಜಿ ನನ್ನನ್ನು ಬಿಡಿಸಿದಳೇ ಹೊರತು ತಾನು ಬಿಟ್ಟಿರಲಿಲ್ಲ. "ನಂದಾಯ್ತು ಬಿಡೇ, ಇನ್ನೆಷ್ಟು ದಿನ" ಎಂದು ತಳ್ಳಿಹಾಕುತ್ತಿದ್ದಳು. ನನಗೆ ಅದೊಂದು ಮುಳ್ಳಿನಂತೆ ಚುಚ್ಚುತ್ತಿತ್ತು, ಆದರೆ ಅವಳಿಗೆ ಬುದ್ಧಿ ಹೇಳುವ ಎದೆಗಾರಿಕೆ ಯಾರಿಗಿದೆ!

ಸೋಮವಾರ ಬೆಳಿಗ್ಗೆ ಅಮ್ಮ ಅಕ್ಕಿರೊಟ್ಟಿ ತಟ್ಟುತ್ತಿದ್ದಳು, ಅಪ್ಪ ಮತ್ತು ನಾನು ಅಡುಗೆಮನೆಯಲ್ಲಿ ತಟ್ಟೆಯ ಮುಂದೆ ಕೂತಿದ್ದೆವು. ಅಜ್ಜಿ ಪೂಜೆ ಮುಗಿಸಿ ಹಣೆಯ ತುಂಬ ವಿಭೂತಿಯೊಂದಿಗೆ ಬಂದಳು. ಗೋಡೆಗೆ ಒರಗಿಸಿದ್ದ ಮಣೆಯನ್ನು ತಾನೇ ಎಳೆದುಕೊಂಡು, ನನಗೂ ಅಪ್ಪನಿಗೂ ಎದುರಾಗಿ ಹಾಕಿ ಕೂತಳು.

"ನಂಗೂ ಒಂದು ತಟ್ಟೆ ಇಡೇ" ಎಂದಳು ಅಮ್ಮನಿಗೆ.

ಅಪ್ಪನ ಕೈಯ ತುತ್ತು ಅಲ್ಲೇ ನಿಂತಿತು. "ಅಮ್ಮಾ, ಇವತ್ತು ಸೋಮವಾರ."

"ಗೊತ್ತು ಕಣೋ. ನಂಗೆ ಹಸಿವಾಗಿದೆ."

ಆ ಮಾತನ್ನು ಅವಳ ಬಾಯಿಂದ ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಅಮ್ಮ ಇನ್ನೊಂದು ತಟ್ಟೆ ತಂದಿಟ್ಟಳು. ಆಮೇಲೆ ಬಿಸಿ ರೊಟ್ಟಿ ತೆಗೆದು ಅಜ್ಜಿಯ ತಟ್ಟೆಗೆ ಹಾಕಿದಳು.